ಹುಳದ ಮನೆ ಸೇರಿದ ರಾಸ್ಪ್‌ಬೆರಿ

೧೯೪೪ರಲ್ಲಿ ನಾನು ಶಿವಗಂಗೆ ಬೆಟ್ಟದ ಓರೆಯಲ್ಲಿದ್ದ ಸರ್ಕಾರಿ ಹಣ್ಣಿನ ತೋಟವೊಂದರಲ್ಲಿ ತಾತ್ಕಾಲಿಕ ಸಹಾಯಕ. ಹೆಬ್ಬೆಟ್ಟು ಒತ್ತುವ ಅಪ್ಪನ ಮಗ ಬಿ.ಎಸ್ಸಿ. ಪಾಸು ಮಾಡಿದ್ದೆ. ಆ ಹೆಮ್ಮೆ ಆಗಲೂ ಇತ್ತು, ಈಗಲೂ ಇದೆ.

ತೋಟಗಾರಿಕೆ ಇಲಾಖೆಯ ಸಾಹೇಬರು ಸೀಮೆಯ ರಾಸ್ಪ್‌ಬೆರಿ ಗಿಡಗಳನ್ನು ತರಿಸಿ, "ಹೂ ಬಿಡಿಸಿ ತೋರಿಸಿ, ನಿಮ್ಮ ಕೆಲಸ ಕಾಯಂ ಮಾಡಿಸ್ತೀನಿ" ಎಂದಿದ್ದರು.

ಈ ಗಿಡ ಮಳೆಗಾಲದಲ್ಲಿ ಸರಸರನೆ ಬೆಳೆಯುತ್ತದೆ. ಕಾರ್ತಿಕದ ಹೊತ್ತಿಗೆ ಹಗಲು ಕಿರಿದಾಗಿ ಚಳಿ ಬಿದ್ದರೆ ಬೆಳೆಯುವುದನ್ನು ನಿಲ್ಲಿಸಿ, ಕಡ್ಡಿಯ ಗೆಣ್ಣಿನ ಕಣ್ಣುಗಳೊಳಗೆ ಹೂಮೊಗ್ಗು ಕಟ್ಟುತ್ತದೆ. ಬೆಚ್ಚಗಿಟ್ಟರೆ ಬೆಳೆಯುತ್ತಲೇ ಇರುತ್ತದೆ, ಹೂವಿಲ್ಲ. ಅದಕ್ಕೇ ಕುಂಡಗಳನ್ನು ಗಾಳಿ ಬೀಸುವ ಬಂಡೆಯ ಮೇಲೆ ಇಡಿಸಿದೆ.

ಓವರ್‌ಸಿಯರ್ ರಾಮಯ್ಯ ನನ್ನ ಗೆಳೆಯ, ಒಂದೇ ತಟ್ಟೆಯಲ್ಲಿ ಉಂಡವರು ನಾವು. ವಿಜಯಪುರದ ರೇಷ್ಮೆ ಮನೆತನದವನು. ಅವನ ಹೆಂಡತಿ ಮನೆಯ ಪಕ್ಕದ ಕೋಣೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದಳು. ಚಳಿಗೆ ಹುಳ ಕುಗ್ಗದಂತೆ ಅಲ್ಲಿ ಕೆಂಡ ಇಡುತ್ತಿದ್ದರು.

ತಂಗಿಯ ಮದುವೆಗೆ ಹೊರಟಾಗ ಅವನಿಗೆ ಎಲ್ಲ ವಿವರಿಸಿದೆ. "ಹೋಗ್ಬಾ ಗುರು, ನಿನ್ನ ಗಿಡ ನನ್ನ ಗಿಡ ಅಲ್ವೇನೋ" ಅಂದ. ಊರಲ್ಲಿ ಮಲೇರಿಯಾ ಹಿಡಿದು ತಿಂಗಳುಗಟ್ಟಲೆ ಮಲಗಿಬಿಟ್ಟೆ.

ಚಳಿ ಕಳೆಯುವ ಹೊತ್ತಿಗೆ ತಿರುಗಿ ಬಂದರೆ ಬಂಡೆ ಖಾಲಿ. ಕುಂಡಗಳು ಹುಳದ ಮನೆಯಲ್ಲಿ! ಗಿಡಗಳು ಆಳೆತ್ತರ ಬೆಳೆದಿದ್ದವು.

"ಏನ್ ಮಾಡಿದ್ಯೋ ಇದು?"

"ಸಾಹೇಬ್ರು ಬರೋದಿತ್ತು ಕಣೋ. ಬೋಳುಕಡ್ಡಿ ತೋರ್ಸೋಕಾಗುತ್ತಾ? ನೋಡಿ ಬೆನ್ನು ತಟ್ಟಿ ಹೋದ್ರು."

"ಚಳಿ ಬೇಕು ಅಂತ ಹೇಳಿರ್ಲಿಲ್ವಾ?"

"ನೀನ್ ಹೇಳಿದ್ದೆ ಬಿಡು. ಬಡ್ತಿ ನನಗೂ ಬೇಕಲ್ಲ."

ಫಾಲ್ಗುಣ ಬಂದರೂ ಒಂದು ಹೂವಿಲ್ಲ. ಸಾಹೇಬರು ಇಬ್ಬರನ್ನೂ ನಿಲ್ಲಿಸಿ ಕೇಳಿದರು. ನಾನು ರಾಮಯ್ಯನ ಮುಖ ನೋಡಿದೆ. ಹುಳದ ಮನೆಯ ಮಾತು ಒಂದನ್ನು ಅವನು ಒಪ್ಪಿಕೊಂಡಿದ್ದರೆ ಸಾಕಿತ್ತು.

"ಬೆಳೆಸಿದ್ದು ನಾನು ಸ್ವಾಮಿ" ಅಂದ. "ಹೂವಿನ ವಿಷಯ ಓದಿದವರದು."

ನಾನು ನಡೆದದ್ದನ್ನು ಹೇಳಿದೆ. "ರಜೆ ಹಾಕಿ ಹೋದೋರು ಇನ್ನೊಬ್ಬರ ಮೇಲೆ ಹಾಕ್ಬೇಡಿ" ಎಂದು ಸಾಹೇಬರು ಎದ್ದರು. ಆ ವಾರವೇ ನನ್ನ ಕೆಲಸ ಹೋಯಿತು.

ಪೆಟ್ಟಿಗೆ ಹೊತ್ತು ಇಳಿಯುವಾಗ ಬಂಡೆಯ ಮರೆಯಲ್ಲಿ ಒಂದು ಕುಂಡ ಕಂಡಿತು. ಸೊರಗಿದೆಯೆಂದು ಸಾಹೇಬರ ಕಣ್ಣಿಗೆ ಬೀಳದಂತೆ ರಾಮಯ್ಯ ಸರಿಸಿಟ್ಟಿದ್ದ ಗಿಡ. ಅದರ ತುಂಬ ಬಿಳಿ ಹೂ.

ಆಮೇಲೆ ಬೇರೆ ತೋಟಗಳಲ್ಲಿ ಇಪ್ಪತ್ತೆಂಟು ವರ್ಷ ದುಡಿದೆ. ನಳನಳಿಸುವ ಗಿಡ ತೋರಿಸಿದವರನ್ನು ಮೊದಲು ಕೇಳುತ್ತಿದ್ದದ್ದು ಒಂದೇ: ಚಳಿಯಲ್ಲಿ ಇದನ್ನು ಎಲ್ಲಿಟ್ಟಿದ್ದಿರಿ? ಗೆಳೆಯರನ್ನೂ ಹಾಗೇ ಕೇಳಿ ನೋಡದೆ ನಂಬಬಾರದೆಂಬುದು ಆ ಮೊದಲ ಕೆಲಸ ನನಗೆ ಕಲಿಸಿದ ಪಾಠ. ಕಲಿಯದೇ ಇದ್ದಿದ್ದರೆ ಚೆನ್ನಾಗಿತ್ತು.