ಬಾಯಿ ನೋಡುವ ರಂಜನಾ ಡಾಕ್ಟರು

ಸವಣೂರಿನ ಹಲ್ಲಿನ ಡಾಕ್ಟರು ರಂಜನಾ, ಯಾರದೇ ಮದುವೆ ಊಟಕ್ಕೆ ಕುಳಿತರೂ ಪಕ್ಕದವರ ಎಲೆ ನೋಡುವುದಿಲ್ಲ, ಬಾಯಿ ನೋಡುತ್ತಾರೆ. "ಆ ಅನ್ರಿ" ಎಂಬುದೇ ಅವರ ನಮಸ್ಕಾರ. ಸೀರೆ ಅಂಗಡಿಯ ದುರ್ಗೇಶ ಮಾತಾಡಿದರೆ ಗಿರಾಕಿಗಳು ಸೆರಗನ್ನು ಮೂಗಿಗೇರಿಸಿ ಹೊರಡುತ್ತಿದ್ದರು. ಅವನೋ, ಸವಣೂರಿನ ವೀಳ್ಯದೆಲೆ ಜಗಿಯುವವನಿಗೆ ಎಲ್ಲಿಯ ನಾತ ಎಂದು ಬೀಗುವ ಜಾಣ. ಮಾಲೀಕ ಕೆಲಸ ಬಿಡಿಸುವ ಮಾತೆತ್ತಿದ ಮೇಲೆ ಡಾಕ್ಟರ ಕುರ್ಚಿಯಲ್ಲಿ ಕುಳಿತ. "ಎಲಿ ವಾಸನಿ ಮುಚ್ಚತೈತಿ ಅಷ್ಟ, ತಮ್ಮಾ. ನಾಲಿಗಿ ಹಿಂದ ಬ್ಯಾಕ್ಟೀರಿಯಾ ಸಂಸಾರ ಹೂಡ್ಯಾವ. ನೀ ಉಳಿಸಿದ ಕೂಳು ತಿಂದು ಗಬ್ಬು ಗಾಳಿ ಬಿಡ್ತಾವ. ದಿನಾ ನಾಲಿಗಿ ಕೆರಕೋ!" ಎಂದು ಬೈದರು. ಹಾಗೇ ಮಾಡಿದ ಅವನು ತಿಂಗಳ ಮೇಲೆ ಮತ್ತೆ ಹೋದಾಗ ಡಾಕ್ಟರು ತಮ್ಮ ಮಾಸ್ಕು ತೆಗೆದು, "ಎಲ್ಲಿ, ನನಗೊಂದು ಸೀರಿ ಮಾರು" ಎಂದು ಅವನ ಮುಖದ ಹತ್ತಿರ ಬಾಗಿದರು. ನೌಕರಿ ಉಳಿಯಿತೆಂಬ ಸಮಾಧಾನ ಒತ್ತಟ್ಟಿಗಿರಲಿ, ತನ್ನ ಮಾತು ಕೇಳಲು ಒಬ್ಬರು ಹೀಗೆ ಮುಂದಕ್ಕೆ ಬಾಗಿ ಎಷ್ಟು ವರ್ಷವಾಗಿತ್ತೋ ಎಂದು ದುರ್ಗೇಶನ ಕಣ್ಣು ತುಂಬಿತು.