ಉಪದೇಶಕ್ಕೊಂದು ಪೆನ್ಸಿಲ್ ಚುಕ್ಕಿ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮುಂದೆ, ಕರಡು ತಿದ್ದುವ ಹೆಂಗಸು ಆಗಲೇ ಕೂತಿದ್ದಾರೆ. ಅಚ್ಚಿನ ಯಂತ್ರಗಳು ಶುರುವಾದರೆ ಮೇಜು ನಡುಗುತ್ತದೆ, ಅಕ್ಷರಗಳು ಕುಣಿಯುತ್ತವೆ. ಅದಕ್ಕೇ ಈ ಆತುರ. ಎಡಗೈಯ ಕೆಳಗೆ ಮರದ ಸ್ಕೇಲು, ಬಲಗೈಯಲ್ಲಿ ಕೆಂಪು ಪೆನ್ನು, ಕಿವಿಯ ಮೇಲೊಂದು ಪೆನ್ಸಿಲು. ಪೆನ್ನು ಕಾಗುಣಿತಕ್ಕೆ. ಪೆನ್ಸಿಲು ಅವರ ಸ್ವಂತ ಹಟಕ್ಕೆ.

ಇಪ್ಪತ್ತಾರು ವರ್ಷದಿಂದ ದಿನಕ್ಕೆ ಅರವತ್ತು ಪುಟ. ಅಷ್ಟು ಕಥೆ, ಕಾದಂಬರಿಗಳಲ್ಲಿ ಒಂದರಲ್ಲೂ ಇವರ ಹೆಸರಿಲ್ಲ. ಆದರೂ ‘ಚುಕ್ಕಿ ಮೇಡಂ’ ಎಂದರೆ ದೊಡ್ಡ ದೊಡ್ಡ ಲೇಖಕರೂ ಕೊಂಚ ತಡವರಿಸುತ್ತಾರೆ. ಕಥೆ ತನ್ನ ಪಾಡಿಗೆ ತಾನು ನಡೆಯುತ್ತಿರುವಾಗ ಬರೆದವರು ನಡುವೆ ನುಗ್ಗಿ ಇದರ ಅರ್ಥ ಇಂತಿಂಥದ್ದು ಎಂದು ಭಾಷಣ ಬಿಗಿದರೆ, ಅಂಚಿನಲ್ಲಿ ಒಂದು ಪೆನ್ಸಿಲ್ ಚುಕ್ಕಿ ಬೀಳುತ್ತದೆ. ಬೇಡವಾದವರು ಅಳಿಸಿಕೊಳ್ಳಬಹುದು.

ಒಮ್ಮೆ ಹಿರಿಯ ಕಾದಂಬರಿಕಾರರೊಬ್ಬರು ಕೆಂಡಾಮಂಡಲವಾಗಿ ಬಂದಿದ್ದರಂತೆ. “ಆ ಸಾಲೇ ನನ್ನ ಕಾದಂಬರಿಯ ತಿರುಳು! ಅದಕ್ಕೇ ಚುಕ್ಕಿನಾ?”

“ಸರ್, ಆ ಮುದುಕ ಸತ್ತ ಹೆಂಡತಿ ಚಪ್ಪಲಿ ಒರೆಸಿ ಬಾಗಿಲ ಹತ್ರ ಇಟ್ಟನಲ್ಲ, ಆಗ್ಲೇ ನಾನು ಪೆನ್ನು ಕೆಳಗಿಟ್ಟುಬಿಟ್ಟೆ. ಆಮೇಲೆ ಒಂಟಿತನ ಅಂದ್ರೇನು ಅಂತ ಹೇಳೋಕೆ ನೀವ್ಯಾಕೆ ಬಂದ್ರಿ?”

ಅವರು ಗೊಣಗುತ್ತಲೇ ಸಾಲು ಹೊಡೆದುಹಾಕಿದರು.

ಊರವರಿಗೆಲ್ಲ ಚುಕ್ಕಿ ಇಟ್ಟವರು ಸ್ವಂತ ಕಥೆ ಬರೆದಾಗ ಮಾತ್ರ ಪೇಚಿಗೆ ಸಿಕ್ಕಿಕೊಂಡರು. ಅಮ್ಮ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ ಯಾರಿಗೆ ಎಂಬ ಜಗಳದಲ್ಲಿ ಅಕ್ಕನಿಗೆ ಬಾಯಿಗೆ ಬಂದಂತೆ ಅಂದಿದ್ದರು. ಮಿಷನ್ ಅಕ್ಕನ ಮನೆ ಸೇರಿತು. ಒಂಬತ್ತು ವರ್ಷ ಮಾತಿಲ್ಲ, ಕಥೆಯಿಲ್ಲ. ಎದುರಿಗೆ ಹೋಗಿ ತಪ್ಪಾಯ್ತೆಂದು ಹೇಳಲು ನಾಲಿಗೆ ಏಳದೆ ಈ ವರ್ಷ ಬರೆಯಲು ಕೂತರು. ತಂಗಿಯೊಬ್ಬಳು ಅಕ್ಕನ ಬಾಗಿಲವರೆಗೆ ಹೋಗಿ, ಒಳಗಿನ ಮಿಷನ್ ಸದ್ದು ಕೇಳುತ್ತಾ ನಿಂತು, ಕದ ತಟ್ಟದೆ ಹಿಂತಿರುಗುವ ಕಥೆ. ಕೊನೆಯಲ್ಲಿ ಕ್ಷಮೆ ಎಷ್ಟು ದೊಡ್ಡದೆಂದು ವಿವರಿಸುವ ಉದ್ದನೆಯ ಪ್ಯಾರಾ.

“ಬೇರೆಯವರದ್ದಾಗಿದ್ರೆ ಕಣ್ಣು ಮುಚ್ಕೊಂಡು ಚುಕ್ಕಿ ಇಡ್ತಿದ್ದೆ” ಎನ್ನುತ್ತಾರೆ. “ಆದ್ರೆ ಅದನ್ನ ತೆಗೆದ್ರೆ, ನಾನು ತಪ್ಪಾಯ್ತು ಅಂತಿರೋದು ಅಕ್ಕಂಗೆ ಹೇಗೆ ಗೊತ್ತಾಗ್ಬೇಕು? ಬರೆದಿದ್ದೇ ಅದಕ್ಕಲ್ವಾ?”

ಮೂರು ದಿನ ಪೆನ್ಸಿಲು ಹಿಡಿದು ಒದ್ದಾಡಿದರು. ನಾಲ್ಕನೆಯ ದಿನ ಚುಕ್ಕಿ ಇಟ್ಟು, ಪ್ಯಾರಾ ಪೂರ್ತಿ ಹೊಡೆದುಹಾಕಿ, ವಾರಪತ್ರಿಕೆಗೆ ಕಳಿಸಿದರು.

ಕಥೆ ಅಚ್ಚಾಗಿ ಎರಡು ವಾರ ಅಕ್ಕನಿಂದ ಯಾವ ಸುದ್ದಿಯೂ ಇಲ್ಲ. ಮೊನ್ನೆ ಬೆಳಿಗ್ಗೆ ಫೋನು ಬಂತು.

“ಕಥೆ ವಿಷಯಾನೇ ಎತ್ತಲಿಲ್ಲ ನಮ್ಮಕ್ಕ” ಎನ್ನುತ್ತಾ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. “‘ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣಲ್ಲ ಕಣೇ, ಭಾನುವಾರ ಬಾ. ಕದ ತಟ್ಟೋದೇನೂ ಬೇಡ, ತೆಗ್ದೇ ಇರುತ್ತೆ’ ಅಂದ್ಲು.”