ಈ ವಿಳಾಸದಲ್ಲಿ ವಾಸವಿಲ್ಲ

2008ರ ಜನವರಿ 7ರ ಸೋಮವಾರ, ಶಿವಪ್ಪ ಬಡಿಗೇರ ಎಂಬ ವ್ಯಕ್ತಿ ಮೂಡುಬಿದಿರೆ ಸಮೀಪದ ತೋಡಾರಿನಲ್ಲಿ ವಾಸವಾಗಿಲ್ಲ ಎಂದು ಪಾಸ್‌ಪೋರ್ಟ್ ಕಚೇರಿಗೆ ಪೊಲೀಸ್ ವರದಿ ಹೋಯಿತು. ಶಿವಪ್ಪ ಬಡಿಗೇರ ನಾನೇ. ಆ ದಿನ ಬೆಳಿಗ್ಗೆಯೂ ತೋಡಾರಿನ ಬಾಡಿಗೆ ಕೋಣೆಯಲ್ಲೇ ಎದ್ದಿದ್ದೆ.

ಗದಗಿನ ಪತ್ರಿಕೆಯೊಂದರಲ್ಲಿ ನಾಲ್ಕು ವರ್ಷ ಸುದ್ದಿ ತಿದ್ದಿ, ಹಿಂದಿನ ಜುಲೈಯಲ್ಲಿ ಎಂ.ಬಿ.ಎ. ಓದಲು ಇಲ್ಲಿಗೆ ಬಂದಿದ್ದೆ. ಆರು ತಿಂಗಳಲ್ಲಿ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯತೊಡಗಿತು. ತುಳು ಇಳಿಯಲಿಲ್ಲ. ಬಸ್ಸಿನಲ್ಲಿ ಎಲ್ಲರೂ ತುಳುವಿನಲ್ಲಿ ನಗುತ್ತಾರೆ. ನನ್ನತ್ತ ತಿರುಗಿದರೆ ಪಠ್ಯಪುಸ್ತಕದಂಥ ಕನ್ನಡದಲ್ಲಿ ನಿಧಾನವಾಗಿ ಮಾತಾಡುತ್ತಾರೆ. ನಮ್ಮ ಕಡೆ ಪಕ್ಕದ ಸೀಟಿನವರು ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಅಡ್ಡಹೆಸರು, ಆಮೇಲೆ ಯಾರ ಪೈಕಿ ಎಂದು. ಇಲ್ಲಿ ಕೇಳುವುದು ಒಂದೇ: “ಮನೆ ಎಲ್ಲಿ ಆಯ್ತು?” ಅದು ಗೊತ್ತಾದರೆ ವಿಚಾರಣೆ ಮುಗಿಯಿತು. ಇದು ಸಂಕೋಚವೋ ಸೌಜನ್ಯವೋ ನನಗೆ ತಿಳಿಯಲಿಲ್ಲ. ನಾನಾಗಿ ಹೆಸರು ಹೇಳಲೂ ಇಲ್ಲ.

ಕಾಲೇಜಿನಿಂದ ಹದಿನೇಳು ಮಂದಿಯನ್ನು ಎಂಟು ದಿನ ದುಬೈಗೆ ಕರೆದೊಯ್ಯುವುದೆಂದು ತೀರ್ಮಾನವಾಗಿತ್ತು. ಜಾಗತಿಕ ನಾಯಕತ್ವ ಕಲಿಯುವ ಪ್ರವಾಸ. ವೀಸಾಕ್ಕಾಗಿ ಎಲ್ಲರ ಪಾಸ್‌ಪೋರ್ಟೂ ಜನವರಿ 20ರೊಳಗೆ ಕಾಲೇಜಿನ ಕಚೇರಿಗೆ ತಲುಪಬೇಕಿತ್ತು. ನನ್ನದೊಂದೇ ಹೊಸ ಅರ್ಜಿ.

“ಎಂತ ಟೆನ್ಶನ್ ಮಾರಾಯ?” ಎಂದ ಸಹಪಾಠಿ ರಿಯಾಝ್. ಬಂಟ್ವಾಳದವನು, ಮನೆಯ ಅರ್ಧ ಜನ ಕೊಲ್ಲಿಯಲ್ಲಿದ್ದಾರೆ. “ನಮ್ಮ ಮನೆಯಲ್ಲಿ ರೇಷನ್ ಕಾರ್ಡು ಒಂದೇ ಉಂಟು, ಪಾಸ್‌ಪೋರ್ಟು ಏಳು. ದುಬೈ ಅಂದ್ರೆ ಫಾರಿನ್ನಾ ಅದು?”

ಶನಿವಾರಗಳಂದು ಬೆಂಗಳೂರಿನಿಂದ ತರಬೇತುದಾರರೊಬ್ಬರು ಬರುತ್ತಿದ್ದರು. ಕೈಕುಲುಕುವುದು, ಚಮಚ ಹಿಡಿಯುವುದು, ಅಪರಿಚಿತರ ಮುಂದೆ ಒಂದೇ ವಾಕ್ಯದಲ್ಲಿ ತಮ್ಮ ಪರಿಚಯ ಹೇಳುವುದು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಶನಿವಾರದಡಿ ‘ನಾಯಕ ಮೊದಲು ಮಾತಾಡುತ್ತಾನೆ’ ಎಂದಿದೆ. ಮುಂದಿನ ಶನಿವಾರದಡಿ ‘ನಾಯಕ ಕೊನೆಗೆ ಮಾತಾಡುತ್ತಾನೆ’ ಎಂದಿದೆ. ಎರಡೂ ನನ್ನದೇ ಅಕ್ಷರ. ಪರಿಚಯದ ವಾಕ್ಯವನ್ನು ಮಾತ್ರ ಚೆನ್ನಾಗಿ ಕಲಿತೆ. ಹೆಸರು, ಊರು, ಉದ್ದೇಶ: ಹನ್ನೆರಡು ಸೆಕೆಂಡು.

ವರದಿಯ ವಿಷಯ ತಿಳಿದ ಸಂಜೆ ಹಮೀದಾಕರ ಅಂಗಡಿಗೆ ಹೋದೆ. ಅಣ್ಣನಂಥವರ ಹೆಸರಿಗೆ ಈ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು ‘ಆಕ’ ಸೇರಿಸುತ್ತಾರೆ. ನನ್ನ ಕೋಣೆಗೆ ಹತ್ತಿರದ ಅಂಗಡಿ; ದಿನಾ ಚಹಾ ಅಲ್ಲಿಯೇ.

“ಹಮೀದಾಕ, ನನ್ನನ್ನು ಕೇಳಿಕೊಂಡು ಪೊಲೀಸರು ಬಂದಿದ್ದರಾ?”

“ನಿಮ್ಮನ್ನು ಎಂತಕ್ಕೆ ಕೇಳ್ತಾರೆ? ಒಬ್ಬರು ಬಂದಿದ್ರು. ಯಾರೋ ಬಡಿಗೇರ ಅಂತೆ. ಅಂಥವರು ಈ ಬದಿಯಲ್ಲೇ ಇಲ್ಲ ಅಂತ ಹೇಳಿ ಕಳಿಸಿದೆ.”

“ಅದು ನಾನೇ.”

ಅವರು ಚಹಾ ಸೋಸುವುದನ್ನು ನಿಲ್ಲಿಸಿದರು. “ನೀವಾ? ನೀವು ಅಬೂಬಕ್ಕರ್ ಮನೆ ಹಿಂದಿನ ರೂಮಿನ ಘಟ್ಟದ ಮೇಲಿನವರು ಅಲ್ವಾ? ಹೆಸರು ಹೇಳಿದ್ದೇ ಇಲ್ಲ ಅಲ್ಲ ಮಾರಾಯ್ರೆ ನೀವು!”

ಮರುದಿನ ಅಂಗಡಿಯ ಬಾಗಿಲು ಹಾಕಿ ನನ್ನೊಂದಿಗೆ ಠಾಣೆಗೆ ಬಂದರು. ವರದಿ ಬರೆದ ಪೇದೆ ಇಬ್ಬರನ್ನೂ ನಿಲ್ಲಿಸಿಯೇ ಕೇಳಿದರು.

“ಇವರು ಎಷ್ಟು ಸಮಯದಿಂದ ಗೊತ್ತು?”

“ಆರು ತಿಂಗಳು ಆಯ್ತು ಸಾರ್.”

“ಹೆಸರು?”

“ಶಿವಪ್ಪ ಬಡಿಗೇರ.”

“ಮತ್ತೆ ನನ್ನ ಹತ್ತಿರ ಗೊತ್ತಿಲ್ಲ ಅಂತ ಹೇಳಿದ್ದು?”

“ಹೆಸರು ನಿನ್ನೆಯಿಂದ ಗೊತ್ತು ಸಾರ್. ಜನ ಆರು ತಿಂಗಳಿಂದ ಗೊತ್ತು. ನೀವು ಯಾವ ಮನೆ ಅಂತ ಕೇಳ್ಬೇಕಿತ್ತು.”

ಪೇದೆ ನಕ್ಕರು. ಆದರೆ ಹೋದ ವರದಿ ವಾಪಸು ಬರುವುದಿಲ್ಲ, ಹೊಸದಾಗಿ ವಿಚಾರಣೆಯ ಆದೇಶ ಬರಬೇಕು ಎಂದರು. ಊರಿನ ವಿಳಾಸದ ವರದಿಯಾದರೂ ನೆರವಾದೀತೆಂದು ಅಣ್ಣನಿಗೆ ಫೋನು ಮಾಡಿದೆ.

“ಬಂದಿದ್ರಲೇ,” ಎಂದ. “ಅಂವ ಇಲ್ಲಿ ಇಲ್ಲ, ಊರು ಬಿಟ್ಟು ಹೋಗ್ಯಾನ, ಅಲ್ಲೇ ಇರ್ತಾನ ಅಂತ ಹೇಳೇನಿ. ಖರೇನ ಹೇಳಿನಲ್ಲ?”

ಖರೆಯೇ ಹೇಳಿದ್ದ. ಎರಡು ವರದಿಗಳಲ್ಲಿ ಯಾವುದನ್ನು ತಿದ್ದಬೇಕೆಂದು ಗೊತ್ತಾಗಲಿಲ್ಲ.

ಜನವರಿ 20 ಕಳೆಯಿತು. ಫೆಬ್ರವರಿಯಲ್ಲಿ ಹದಿನಾರು ಮಂದಿ ಹೊರಟರು. ವಿಮಾನ ನಿಲ್ದಾಣದ ಬಸ್ಸಿಗೆ ರಿಯಾಝನ ಪೆಟ್ಟಿಗೆ ಏರಿಸಿದೆ. ಅಮ್ಮ ಕೊಟ್ಟ ಹಲಸಿನ ಹಪ್ಪಳವಿದೆ, ಮೆಲ್ಲ ಇಡು ಎಂದ, ದುಬೈಯಲ್ಲಿರುವ ಚಿಕ್ಕಪ್ಪನಿಗಂತೆ.

ಒಂಬತ್ತನೆಯ ದಿನ ಮರಳಿದ. ನಾಯಕತ್ವ ಏನು ಕಲಿತೆ ಎಂದು ಕೇಳಿದೆ.

“ಯಾರಿಗೆ ಗೊತ್ತು ಮಾರಾಯ. ಆ ಪರಿಚಯದ ವಾಕ್ಯ ಉಂಟಲ್ಲ, ಹೇಳ್ಲಿಕ್ಕೇ ಆಗ್ಲಿಲ್ಲ. ಊಟದ ಹೋಟೆಲಿನ ಧಣಿ ನಮ್ಮ ಬದಿಯ ಗುರುವಾಯನಕೆರೆಯವರು. ನಾನು ಕೈ ಕೊಟ್ಟು ಬಾಯಿ ತೆರೆಯುವಾಗ, ‘ಮನೆ ಎಲ್ಲಿ ಆಯ್ತು?’ ಅಂತ ಕೇಳಿದ್ರು. ಮತ್ತೆ ಬಿಲ್ಲೇ ತಗೊಳ್ಲಿಲ್ಲ.”

ಹೊಸ ವಿಚಾರಣೆ ಮಾರ್ಚ್‌ನಲ್ಲಿ ನಡೆಯಿತು. ಈ ಸಲ ಪೇದೆ ಹೆಸರು ಹೇಳುವ ಮೊದಲೇ ಹಮೀದಾಕ ನನ್ನ ಕೋಣೆಯತ್ತ ಕೈ ತೋರಿಸಿದರಂತೆ. ಪಾಸ್‌ಪೋರ್ಟ್ ಮೇ ತಿಂಗಳಲ್ಲಿ ತೋಡಾರಿನ ವಿಳಾಸಕ್ಕೆ ಬಂತು. ಅದೇ ತಿಂಗಳು ಊರಿನಲ್ಲಿ ಅಣ್ಣ ರೇಷನ್ ಕಾರ್ಡು ಹೊಸದು ಮಾಡಿಸಿದ. ಅದರಲ್ಲಿ ನನ್ನ ಹೆಸರಿಲ್ಲ. ಇಲ್ಲಿ ನನಗೆ ಕಾರ್ಡಿಲ್ಲ. ಪಾಸ್‌ಪೋರ್ಟಿನ ಪುಟಗಳು ಖಾಲಿ ಇವೆ.